ಅರ್ಥ ಕೆಡದಂತಿದ್ದರೆ ಮಾತ್ರ ಲೋಪ



ನನ್ನ ತರಗತಿಯಲ್ಲಿ ಕುಳಿತವರಿಗೆ ಲೋಪಸಂಧಿಯ ಸೂತ್ರ ಇನ್ನೂ ನೆನಪಿರಬಹುದು. ಸ್ವರದ ಮುಂದೆ ಸ್ವರ ಬಂದಾಗ ಮೊದಲಿನ ಸ್ವರ ಬಿದ್ದುಹೋಗುತ್ತದೆ; ಆದರೆ ಅರ್ಥ ಕೆಡದಂತಿದ್ದರೆ ಮಾತ್ರ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಒಂದು ಉಕಾರ ಹೋಯಿತು, ಊರಿಗೇನೂ ಆಗಲಿಲ್ಲ. ಅರ್ಥ ಕೆಡುವ ಕಡೆ ಲೋಪ ಮಾಡಬಾರದು ಎಂದು ನಮ್ಮ ವೈಯಾಕರಣರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅಕ್ಷರವೊಂದನ್ನು ಕೈಬಿಡುವುದಕ್ಕೂ ಭಾಷೆಗೆ ಇಷ್ಟು ಎಚ್ಚರವಿದೆ. ಮನುಷ್ಯನನ್ನು ಕೈಬಿಡುವಾಗ ಎಷ್ಟು ಎಚ್ಚರವಿರಬೇಕು?

ಈ ಪ್ರಶ್ನೆಯನ್ನು ನಾನು ಕೇಳುತ್ತಿರುವುದು ವಾಹನ ವಿಮೆಯ ಪಾಲಿಸಿಗಳನ್ನು ಕುರಿತು. ಇದೇನು, ಕನ್ನಡ ಮೇಷ್ಟ್ರು ಇನ್ಶೂರೆನ್ಸ್ ವಿಚಾರಕ್ಕೆ ಕೈಹಾಕಿದರಲ್ಲ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ಪಾಲಿಸಿಯೆಂಬುದು ಕೊನೆಗೂ ಒಂದು ಬರಹವೇ. ಬರಹದಲ್ಲಿ ಎಲ್ಲಿ ಏನು ಹೇಳಿದೆ, ಎಲ್ಲಿ ಏನನ್ನು ನುಂಗಿದೆ ಎಂದು ನೋಡುವುದೇ ಜೀವಮಾನವಿಡೀ ನನ್ನ ಉದ್ಯೋಗವಾಗಿತ್ತು. ನಿವೃತ್ತಿಯ ಮೇಲೆ ಕಣ್ಣು ಮಂದವಾಗಿದೆ, ಅಭ್ಯಾಸ ಹೋಗಿಲ್ಲ.

ಪ್ರತಿಯೊಂದು ಪಾಲಿಸಿಯಲ್ಲೂ ಎರಡು ಭಾಗಗಳಿವೆ. ಮೊದಲನೆಯದರಲ್ಲಿ 'ಇಂಥ ನಷ್ಟವಾದರೆ ನಾವು ಕೊಡುತ್ತೇವೆ' ಎಂಬ ವಾಗ್ದಾನವಿರುತ್ತದೆ. ಎರಡನೆಯದರಲ್ಲಿ 'ಇಂಥಿಂಥ ಸಂದರ್ಭಗಳಲ್ಲಿ ಕೊಡುವುದಿಲ್ಲ' ಎಂಬ ಪಟ್ಟಿಯಿರುತ್ತದೆ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಉತ್ಸರ್ಗ, ಅಂದರೆ ಸಾಮಾನ್ಯ ನಿಯಮ, ಎರಡನೆಯದು ಅಪವಾದ. ನಮ್ಮ ಭಾಷೆಯಲ್ಲಿ 'ಅಪವಾದ' ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ: ಮಾಡದ ತಪ್ಪನ್ನು ತಲೆಗೆ ಕಟ್ಟುವುದು. ಅಪಘಾತದಲ್ಲಿ ಗಾಯಗೊಂಡವರ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದಾಗಿಬಿಡುವುದನ್ನು ನಾನು ಕಂಡಿದ್ದೇನೆ. ತಪ್ಪು ಮಾಡಿದವನು ಚಾಲಕ, ಷರತ್ತು ಮುರಿದವನು ಮಾಲೀಕ, ಬರಿಗೈಯಲ್ಲಿ ಮನೆಗೆ ಹೋಗುವವನು ಗಾಯಾಳು. ಈ ಲೇಖನದಲ್ಲಿ ನನ್ನ ತಕರಾರು ಇಷ್ಟೇ.

ಮೊದಲು ಈ ವಿಮೆ ಏಕೆ ಹುಟ್ಟಿತೆಂಬುದನ್ನು ನೋಡೋಣ. ರಸ್ತೆಗೆ ಮೋಟಾರು ಬಂದ ಕಾಲದಲ್ಲಿ ಜನರನ್ನು ಗಾಯಗೊಳಿಸಿದ ಎಷ್ಟೋ ವಾಹನಗಳ ಮಾಲೀಕರ ಬಳಿ ಪರಿಹಾರ ಕೊಡುವಷ್ಟು ಹಣವಿರುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಗೆದ್ದವನಿಗೂ ಕೈಗೆ ಸಿಗುತ್ತಿದ್ದುದು ಕಾಗದ ಮಾತ್ರ. ಆದ್ದರಿಂದ ಬ್ರಿಟನ್ನಿನಲ್ಲಿ 1930ರಲ್ಲಿ ವಾಹನ ವಿಮೆಯನ್ನು ಕಡ್ಡಾಯಗೊಳಿಸಿದರು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಅದೇ ಏರ್ಪಾಡು ಸೇರಿತು. ಕಡ್ಡಾಯ ವಿಮೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂತು. ಈಗ ಇರುವುದು 1988ರ ಕಾಯ್ದೆ. ಅದರ 146ನೆಯ ಕಲಮಿನ ಪ್ರಕಾರ ವಿಮೆಯಿಲ್ಲದೆ ವಾಹನವನ್ನು ಸಾರ್ವಜನಿಕ ಸ್ಥಳಕ್ಕೆ ತರುವಂತಿಲ್ಲ; ತಂದರೆ ದಂಡ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಮನೆಗೆ ಬೆಂಕಿ ವಿಮೆ ಮಾಡಿಸುವುದೋ ಬಿಡುವುದೋ ನಮ್ಮ ಇಷ್ಟ. ವಾಹನದ ಥರ್ಡ್ ಪಾರ್ಟಿ ವಿಮೆ ಹಾಗಲ್ಲ. ಸರ್ಕಾರ ಕೊರಳಪಟ್ಟಿ ಹಿಡಿದು ಕೊಳ್ಳಿಸುವ ವಸ್ತು ಅದು. ಅದರ ದರವನ್ನು ಕಂಪೆನಿ ನಿಗದಿಪಡಿಸುವುದಿಲ್ಲ, ಸರ್ಕಾರವೇ ಅಧಿಸೂಚನೆ ಹೊರಡಿಸಿ ನಿಗದಿಪಡಿಸುತ್ತದೆ. ಇದು ಕೊಳ್ಳುವವನ ಲಾಭಕ್ಕಾಗಿ ಇರುವ ವ್ಯವಸ್ಥೆಯೂ ಅಲ್ಲ. ಆತನ ವಾಹನದಿಂದ ಪೆಟ್ಟು ತಿನ್ನಬಹುದಾದ ಅಪರಿಚಿತನಿಗಾಗಿ ಇರುವುದು. ಹೀಗಿರುವಾಗ ಇದನ್ನು ಇಬ್ಬರು ವ್ಯಾಪಾರಿಗಳ ನಡುವಿನ ಕರಾರಿನಂತೆ ಓದುವುದು ಸರಿಯೇ? ಸೂತ್ರದ ಅರ್ಥವೇ 'ಗಾಯಾಳುವಿಗೆ ಪರಿಹಾರ' ಎಂದಿರುವಾಗ, ಗಾಯಾಳುವನ್ನೇ ಲೋಪ ಮಾಡಿದರೆ ಉಳಿಯುವ ಅರ್ಥವೇನು?

ನಮ್ಮ ಕುಲಶೇಖರದ ರಸ್ತೆಯನ್ನು ನೀವೆಲ್ಲ ಬಲ್ಲಿರಿ. ಹಿಂದೆ 13 ಎಂಬ ಸಂಖ್ಯೆಯಿದ್ದು ಈಗ 169 ಆಗಿರುವ ರಾಷ್ಟ್ರೀಯ ಹೆದ್ದಾರಿ ನಂತೂರಿನಿಂದ ಹೊರಟು ಬಿಕರ್ನಕಟ್ಟೆ, ಕುಲಶೇಖರ ದಾಟಿ ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುತ್ತದೆ. ಹಾಲಿನ ಟ್ಯಾಂಕರು, ಸಿಟಿ ಬಸ್ಸು, ಕಲ್ಲು ತುಂಬಿದ ಲಾರಿ, ಶಾಲೆಯ ಮಕ್ಕಳ ವ್ಯಾನು, ಇವುಗಳ ನಡುವೆ ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಸ್ಕೂಟರಿನ ಹಿಂದೆ ಕುಳಿತ ಹೆಂಗಸರು. ಈ ಕೊನೆಯ ದೃಶ್ಯದ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕಾಗಿದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನ ಸ್ಕೂಟರಿನ ಹಿಂದೆ ಕುಳಿತು ಕೆಲಸಕ್ಕೆ ಹೋಗುತ್ತಿದ್ದಾಗ, ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಗಂಡ ಬ್ರೇಕ್ ಹಾಕಿದ; ಒದ್ದೆ ರಸ್ತೆಯಲ್ಲಿ ಸ್ಕೂಟರು ಜಾರಿತು. ಆತನಿಗೆ ತರಚು ಗಾಯ, ಈಕೆಯ ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ರಾಡ್ ಹಾಕಿದರು, ಆರು ತಿಂಗಳು ಕೆಲಸವಿಲ್ಲ. ಸ್ಕೂಟರಿಗೆ ವಿಮೆಯಿತ್ತು, ಕಂತು ತಪ್ಪಿರಲಿಲ್ಲ, ಚಾಲನಾ ಪರವಾನಗಿಯೂ ಸರಿಯಾಗಿತ್ತು. ಆದರೂ ವಿಮಾ ಕಂಪೆನಿ ಕೈಚೆಲ್ಲಿತು. ಪಾಲಿಸಿ ಥರ್ಡ್ ಪಾರ್ಟಿ ಮಾತ್ರದ್ದು, ಹಿಂಬದಿ ಸವಾರರು ಅದರಲ್ಲಿ ಸೇರುವುದಿಲ್ಲ ಎಂಬುದು ಅವರ ಉತ್ತರ. ವಕೀಲರನ್ನು ಕೇಳಿದರೆ, 'ನಿಮ್ಮ ಯಜಮಾನರ ಮೇಲೆಯೇ ಕೇಸು ಹಾಕಬಹುದು, ಅವರು ಕೊಡಬೇಕಾಗುತ್ತದೆ' ಎಂದರಂತೆ. ಒಂದೇ ಅಡುಗೆಮನೆಯ ಒಂದು ಡಬ್ಬಿಯಿಂದ ತೆಗೆದು ಇನ್ನೊಂದು ಡಬ್ಬಿಗೆ ಹಾಕುವ ಪರಿಹಾರ! ಆಕೆ ನನ್ನಲ್ಲಿ ಕೇಳಿದಳು: "ಸರ್, ಗಂಡ ಒಂದನೆಯವರು, ಕಂಪೆನಿ ಎರಡನೆಯವರು. ನಾನು ಮೂರನೆಯವಳಲ್ಲದಿದ್ದರೆ ಮತ್ತೆ ಎಷ್ಟನೆಯವಳು?"

ವ್ಯಾಕರಣದಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ನಾನು, ನೀನು ಎಂಬಿಬ್ಬರನ್ನು ಬಿಟ್ಟರೆ ಉಳಿದವರೆಲ್ಲರೂ ಅನ್ಯಪುರುಷ. ನಾಲ್ಕನೆಯ ಪುರುಷ ಎಂಬುದು ಯಾವ ಭಾಷೆಯ ಪಾಠದಲ್ಲೂ ನನಗೆ ಸಿಕ್ಕಿಲ್ಲ. ವಿಮೆಯ ವ್ಯಾಕರಣದಲ್ಲಿ ಮಾತ್ರ ಅದು ಇದೆ. ಅದೇ ಸ್ಕೂಟರು ಜಾರಿ, ರಸ್ತೆಬದಿಯಲ್ಲಿ ನಿಂತ ಅಪರಿಚಿತಳೊಬ್ಬಳಿಗೆ ತಗಲಿ ಅವಳ ತೊಡೆಯ ಮೂಳೆ ಮುರಿದಿದ್ದರೆ, ಅದೇ ಪಾಲಿಸಿ ಅವಳಿಗೆ ಪರಿಹಾರ ಕೊಡುತ್ತಿತ್ತು. ಅದೇ ವಾಹನ, ಅದೇ ಚಾಲಕ, ಅದೇ ಕ್ಷಣ, ಅದೇ ಮೂಳೆ. ಸ್ಕೂಟರಿನ ಮುಂದೆ ನಿಂತವಳಿಗೆ ರಕ್ಷಣೆ, ಹಿಂದೆ ಕುಳಿತವಳಿಗೆ ಇಲ್ಲ.

ಇದು ಯಾವುದೋ ಒಂದು ಕಂಪೆನಿಯ ದುರ್ಬುದ್ಧಿಯಷ್ಟೇ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆದರೆ ಇದಕ್ಕೆ ಕಾನೂನಿನ ಬಲವಿದೆ. ದ್ವಿಚಕ್ರ ವಾಹನದ ಹಿಂಬದಿ ಸವಾರನು ಕಾಯ್ದೆ ಕಡ್ಡಾಯಪಡಿಸಿದ ಕನಿಷ್ಠ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು, 2008ರಲ್ಲಿ ಅದನ್ನೇ ಮತ್ತೆ ಹೇಳಿತು. ಹಣ ಕೊಡದೆ ಪ್ರಯಾಣಿಸುವವನ ಹೊಣೆ ಹೊರಬೇಕಾದರೆ ಪ್ರತ್ಯೇಕ ಕಂತು ಕಟ್ಟಿರಬೇಕು ಎಂಬುದು ಅದರ ತರ್ಕ. 2009ರ ನವೆಂಬರ್ 16ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿ, ಜನ 'ಫುಲ್ ಇನ್ಶೂರೆನ್ಸ್' ಎನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಹಿಂಬದಿ ಸವಾರರೂ ಖಾಸಗಿ ಕಾರಿನೊಳಗೆ ಕುಳಿತವರೂ ಸೇರುತ್ತಾರೆಂದು ಸ್ಪಷ್ಟಪಡಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ಎತ್ತಿಹಿಡಿಯಿತು. ಒಳ್ಳೆಯದೇ. ಆದರೆ ಪ್ಯಾಕೇಜ್ ಪಾಲಿಸಿ ಮಾಡಿಸುವವರು ಯಾರು, ಥರ್ಡ್ ಪಾರ್ಟಿಯಲ್ಲಿ ನಿಲ್ಲಿಸುವವರು ಯಾರು? ಹೊಸ ವಾಹನದವರಿಗೆ ಅದು, ಹಳೆಯ ವಾಹನದವರಿಗೆ ಇದು. ಉಳ್ಳವರ ಹೆಂಡತಿಯ ಮೂಳೆಗೆ ರಕ್ಷಣೆ, ಇಲ್ಲದವರ ಹೆಂಡತಿಯ ಮೂಳೆಗೆ ಇಲ್ಲ ಎಂದಂತಾಯಿತು.

ಎರಡನೆಯ ಉದಾಹರಣೆ ಸರಕು ಸಾಗಿಸುವ ವಾಹನಗಳದ್ದು. ನಮ್ಮ ಜಿಲ್ಲೆಯಲ್ಲಿ ಮದುವೆಯ ದಿಬ್ಬಣ ಲಾರಿ ಹತ್ತಿ ಹೋದದ್ದನ್ನು ಹಿರಿಯರೆಲ್ಲ ಕಂಡವರೇ. ಇಂದಿಗೂ ತೋಟದ ಕೆಲಸಕ್ಕೆ, ಕಾಂಕ್ರೀಟು ಹಾಕಲಿಕ್ಕೆ, ಶಾಮಿಯಾನ ಕಟ್ಟಲಿಕ್ಕೆ ಹೋಗುವ ಕೂಲಿಯವರು ಪಿಕಪ್ಪಿನ ಹಿಂದೆ ನಿಂತೇ ಹೋಗುತ್ತಾರೆ. ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯಿಂದ ಸರಕಿನ ಮಾಲೀಕ ಅಥವಾ ಆತನ ಅಧಿಕೃತ ಪ್ರತಿನಿಧಿ ವಿಮೆಯ ವ್ಯಾಪ್ತಿಗೆ ಬಂದರು. ಉಳಿದವರ ಗತಿಯೇನು? 1999ರ ಕೊನೆಯಲ್ಲಿ ಸುಪ್ರೀಂ ಕೋರ್ಟು ಅವರೂ ಸೇರುತ್ತಾರೆ ಎಂದಿತು. 2002ರ ಕೊನೆಯಲ್ಲಿ ಹೆಚ್ಚು ನ್ಯಾಯಮೂರ್ತಿಗಳಿದ್ದ ಪೀಠ, ಸೇರುವುದಿಲ್ಲ ಎಂದಿತು. ಬಾಳೆಗೊನೆಯೊಂದಿಗೆ ಹೋದ ಗೊನೆಯ ಯಜಮಾನನಿಗೆ ರಕ್ಷಣೆಯಿದೆ. ಮಳೆ ಬಂತೆಂದು ಅದೇ ವಾಹನ ಹತ್ತಿದ ಬಡಪಾಯಿಗೆ ಇಲ್ಲ. ಸರಕು ವಾಹನದಲ್ಲಿ ಜನರನ್ನು ತುಂಬುವುದು ತಪ್ಪು, ಒಪ್ಪುತ್ತೇನೆ. ಆದರೆ ಆ ತಪ್ಪು ತುಂಬಿದವನದೋ, ಬೇರೆ ಬಸ್ಸಿಲ್ಲದ ಹೊತ್ತಿನಲ್ಲಿ ಹತ್ತಿದವನದೋ?

ಮೂರನೆಯದು ಚಾಲನಾ ಪರವಾನಗಿಯ ಕಥೆ. ಲಘು ವಾಹನದ ಲೈಸೆನ್ಸ್ ಇರುವವನು ಬಾಡಿಗೆಯ ಸಣ್ಣ ವಾಹನವನ್ನು ಓಡಿಸುವಾಗ ಅಪಘಾತವಾದರೆ, 'ಇವನ ಲೈಸೆನ್ಸಿನಲ್ಲಿ ಸಾರಿಗೆ ವಾಹನದ ಒಕ್ಕಣೆಯಿಲ್ಲ' ಎಂದು ಕಂಪೆನಿಗಳು ಹೊಣೆಯಿಂದ ನುಣುಚಿಕೊಳ್ಳುತ್ತಿದ್ದವು. ಖಾಸಗಿಯಾಗಿ ಓಡಿಸಲು ಬರುವ ಗಾಡಿ, ಬಾಡಿಗೆ ಫಲಕ ಹಾಕಿದೊಡನೆ ಓಡಿಸಲು ಬಾರದಂತಾಗುತ್ತದೆಯೇ? 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನಕ್ಕೆ ಪ್ರತ್ಯೇಕ ಒಕ್ಕಣೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ವಿಮಾ ಕಂಪೆನಿಗಳು ಅಷ್ಟಕ್ಕೆ ಬಿಡಲಿಲ್ಲ. ವಿಷಯ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕೆ ಹೋಗಿ, 2024ರ ನವೆಂಬರ್ 6ರಂದು ಅದೇ ನಿಲುವು ಸ್ಥಿರವಾಯಿತು. ಏಳು ವರ್ಷ! ನ್ಯಾಯ ಸಿಕ್ಕಿತು ನಿಜ. ಆದರೆ ಕಾಲು ಮುರಿದುಕೊಂಡು ಮನೆಯಲ್ಲಿ ಕುಳಿತವನಿಗೆ ಏಳು ವರ್ಷವೆಂದರೆ ಮಗಳ ಹೈಸ್ಕೂಲು, ಪಿಯುಸಿ ಎರಡೂ ಮುಗಿದು ಹೋಗುವ ಕಾಲ.

ಇನ್ನು ಎರವಲು ಬೈಕಿನ ಸಂಗತಿ. ನಮ್ಮ ಕರ್ನಾಟಕದ್ದೇ ಪ್ರಕರಣವೊಂದು 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಒಬ್ಬಾತ ಬೇರೆಯವರ ಬೈಕನ್ನು ಕೇಳಿ ಪಡೆದು ಇಳಕಲ್ಲಿನಿಂದ ತನ್ನ ಊರಿಗೆ ಹೊರಟಿದ್ದ. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು. ಅದಕ್ಕೆ ಡಿಕ್ಕಿಯಾಗಿ ಆತ ತೀರಿಕೊಂಡ. ಯಾರ ತಪ್ಪೆಂದು ಸಾಬೀತುಪಡಿಸದೆಯೇ ಪರಿಹಾರ ಕೊಡಲೆಂದು ಆಗ ಕಾಯ್ದೆಯಲ್ಲಿದ್ದ 163-ಎ ಕಲಮಿನಡಿ ಆತನ ಕುಟುಂಬ ಅರ್ಜಿ ಹಾಕಿತ್ತು. ಬೈಕನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಂತಂತಾಯಿತು, ಆದ್ದರಿಂದ ಆ ಕಲಮಿನಡಿ ಪರಿಹಾರವಿಲ್ಲ ಎಂದ ನ್ಯಾಯಾಲಯ, 166ನೆಯ ಕಲಮಿನಡಿ ಪರಿಶೀಲಿಸುವಂತೆ ಹೈಕೋರ್ಟಿಗೆ ಮರಳಿಸಿತು. ಮಾಲೀಕ-ಚಾಲಕನಿಗೆಂದು ಇರುವ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯ ಮೊತ್ತವನ್ನು 2018ರ ಸೆಪ್ಟೆಂಬರಿನಲ್ಲಿ 15 ಲಕ್ಷ ರೂಪಾಯಿಗೆ ಏರಿಸಿದರು. ಆದರೆ ಅದು ನೋಂದಾಯಿತ ಮಾಲೀಕನಿಗೇ ಮೀಸಲು. ತಮ್ಮನ ಬೈಕನ್ನು ಅಣ್ಣ ಓಡಿಸಿದರೆ ಹೊಣೆ ಹೊರುವಾಗ ಅಣ್ಣ 'ಮಾಲೀಕನಂತೆ'. ಹಣ ಪಡೆಯುವಾಗ 'ಮಾಲೀಕನಲ್ಲ'. ಒಂದೇ ಪದಕ್ಕೆ ಒಂದೇ ವಾಕ್ಯದಲ್ಲಿ ಎರಡು ವಿರುದ್ಧಾರ್ಥ ಬರೆದ ವಿದ್ಯಾರ್ಥಿಗೆ ನಾನು ಅಂಕ ಕೊಡುತ್ತಿರಲಿಲ್ಲ.

ಈಗ ಎದುರು ಪಕ್ಷದ ಮಾತನ್ನೂ ಕೇಳೋಣ. ಅದು ಹುರುಳಿಲ್ಲದ ಮಾತಲ್ಲ.

ವಿಮೆಯವರು ಹೇಳುವುದು ಎರಡು. ಒಂದು, ಕಂತು ಪಡೆಯದ ಹೊಣೆಯನ್ನು ಹೊರಿಸಿದರೆ ನಿಧಿ ಬರಿದಾಗುತ್ತದೆ, ಅದರ ಭಾರ ಕೊನೆಗೆ ಎಲ್ಲ ಪಾಲಿಸಿದಾರರ ಮೇಲೆ. ಎರಡು, ಷರತ್ತುಗಳಿಲ್ಲದಿದ್ದರೆ ಕುಡಿದವನೂ ಲೈಸೆನ್ಸ್ ಇಲ್ಲದವನೂ ನಿರ್ಭಯವಾಗಿ ಗಾಡಿ ಓಡಿಸುತ್ತಾರೆ. ಅವಿಭಜಿತ ದಕ್ಷಿಣ ಕನ್ನಡದವರಾದ ನಮಗೆ ಲೆಕ್ಕದ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳನ್ನು ಹೆತ್ತ ನೆಲವಿದು. ಜಮೆಯಿಲ್ಲದೆ ಖರ್ಚು ನಡೆಯದೆಂದು ನಮ್ಮ ಅಜ್ಜಂದಿರೂ ಬಲ್ಲರು.

ಮೊದಲ ವಾದಕ್ಕೆ ನನ್ನ ಉತ್ತರ: ಹಾಗಾದರೆ ಕಂತು ಪಡೆಯಿರಿ. 2022ರ ಜೂನ್‌ನಿಂದ ಜಾರಿಗೆ ಬಂದ ದರದಂತೆ 75ರಿಂದ 150 ಸಿ.ಸಿ.ವರೆಗಿನ ದ್ವಿಚಕ್ರ ವಾಹನದ ಥರ್ಡ್ ಪಾರ್ಟಿ ಕಂತು, ತೆರಿಗೆ ಬಿಟ್ಟು, ವರ್ಷಕ್ಕೆ 714 ರೂಪಾಯಿ. ದರ ನಿಗದಿಪಡಿಸುವುದು ಸರ್ಕಾರವೇ ಆದ್ದರಿಂದ, ಹಿಂಬದಿ ಸವಾರರ ಹೊಣೆಗೆ ಎಷ್ಟು ಬೇಕೋ ಲೆಕ್ಕ ಹಾಕಿ ಅಷ್ಟನ್ನು ಸೇರಿಸಿ ಎಲ್ಲರಿಂದಲೂ ಪಡೆಯಲಿ. ಎರಡು ಆಸನಗಳಿರುವ ವಾಹನವೆಂದು ನೋಂದಾಯಿಸುವುದೂ ಸರ್ಕಾರ, ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದೂ ಸರ್ಕಾರ. ಹಿಂದಿನ ಆಸನದಲ್ಲಿ ಮನುಷ್ಯ ಕುಳಿತಿರುತ್ತಾನೆಂದು ದಂಡ ಹಾಕುವಾಗ ಗೊತ್ತಿರುವ ಸಂಗತಿ, ವಿಮೆ ಮಾಡಿಸುವಾಗ ಮಾತ್ರ ಮರೆತುಹೋಗುವುದು ಹೇಗೆ?

ಎರಡನೆಯ ವಾದಕ್ಕೆ ಉತ್ತರ ನಮ್ಮ ನ್ಯಾಯಾಲಯಗಳೇ ಕೊಟ್ಟಿವೆ. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಒಂದು ದಾರಿ ತೋರಿಸಿತು. ಲೈಸೆನ್ಸಿನ ಷರತ್ತು ಮುರಿದಿದೆ ಎಂದು ಹೇಳಿದರೆ ಸಾಲದು. ಆ ಉಲ್ಲಂಘನೆಯಲ್ಲಿ ಮಾಲೀಕನ ತಪ್ಪಿದೆಯೆಂದು ಕಂಪೆನಿಯೇ ಸಾಬೀತುಪಡಿಸಬೇಕು. ಸಾಬೀತಾದರೂ, ಮೊದಲು ಗಾಯಾಳುವಿಗೆ ಹಣ ಕೊಡು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೋ ಎಂದು ನ್ಯಾಯಮಂಡಳಿ ಆದೇಶಿಸಬಹುದು. ನಮ್ಮ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ 2020ರಲ್ಲಿ ಇದೇ ಹಾದಿಯಲ್ಲಿ ಹೆಜ್ಜೆಯಿಟ್ಟಿತು: ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲೂ ಥರ್ಡ್ ಪಾರ್ಟಿಗೆ ಕಂಪೆನಿ ಕೊಟ್ಟು, ಬಳಿಕ ಮಾಲೀಕನಿಂದ ವಸೂಲು ಮಾಡಬೇಕು. 'ಕೊಟ್ಟು ವಸೂಲು ಮಾಡು' ಎಂಬ ಈ ಮೂರೇ ಪದಗಳಲ್ಲಿ ಇಡೀ ವಿವೇಕವಿದೆ. ಶಿಕ್ಷೆ ತಪ್ಪು ಮಾಡಿದವನಿಗೆ, ಔಷಧ ಗಾಯಗೊಂಡವನಿಗೆ. ಕುಡಿದವನ ಆಸ್ತಿ ಜಪ್ತಿ ಮಾಡಿ, ನನ್ನ ಅಭ್ಯಂತರವಿಲ್ಲ. ಆದರೆ ಅವನ ಗಾಡಿಯಡಿ ಸಿಕ್ಕವನು ಅವನಿಗೆ ಹೆಂಡ ಕುಡಿಸಿರಲಿಲ್ಲ.

ಇಷ್ಟಾದರೂ ಕಾಯ್ದೆ ಯಾವ ದಿಕ್ಕಿಗೆ ಹೋಯಿತು ನೋಡಿ. 2019ರ ತಿದ್ದುಪಡಿಯ ವಿಮೆಯ ಅಧ್ಯಾಯ 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಕಂಪೆನಿ ಎತ್ತಬಹುದಾದ ಆಕ್ಷೇಪಗಳ ಪಟ್ಟಿಗೆ, ಅಂದರೆ 150ನೆಯ ಕಲಮಿಗೆ, ಮದ್ಯ ಅಥವಾ ಮಾದಕ ದ್ರವ್ಯದ ಅಮಲಿನಲ್ಲಿ ವಾಹನ ಚಲಾಯಿಸುವುದನ್ನೂ ಸೇರಿಸಿದರು. ಅಮಲಿನ ಚಾಲಕನ ಮೇಲೆ ಕಠಿಣ ಕ್ರಮ ಕೈಗೊಂಡೆವೆಂದು ಶಾಸನ ಮಾಡಿದವರು ಬೆನ್ನು ತಟ್ಟಿಕೊಂಡಿರಬಹುದು. ವಾಸ್ತವದಲ್ಲಿ ಆ ಷರತ್ತು ಹೆದರಿಸುವುದು ಕುಡಿದವನನ್ನಲ್ಲ. ಕಾನೂನಿನ ಪುಸ್ತಕ ಓದಿ ಗ್ಲಾಸು ಕೆಳಗಿಡುವವನು ಯಾರಿದ್ದಾನೆ? ಅದು ತಡೆಯುವುದು, ಜೀಬ್ರಾ ಗೆರೆಯ ಮೇಲೆ ನಡೆಯುತ್ತಿದ್ದವನಿಗೆ ಸಿಗಬೇಕಾದ ಹಣವನ್ನು. ಇದೇ ಅಪವಾದ ಎಂಬ ಪದದ ಎರಡನೆಯ ಅರ್ಥ.

ಹಾಗೆಂದು ಎಲ್ಲ ಹೊರಗಿಡುವ ಷರತ್ತುಗಳನ್ನೂ ಕಿತ್ತೊಗೆಯಬೇಕೆಂದು ನಾನು ಹೇಳುತ್ತಿಲ್ಲ. ಕುಡಿದು ಓಡಿಸಿದವನು ತನ್ನ ನಜ್ಜುಗುಜ್ಜಾದ ಕಾರಿಗೆ ಹಣ ಕೇಳಿದರೆ ಕೊಡಬೇಡಿ. ಖಾಸಗಿ ಕಾರನ್ನು ಗುಟ್ಟಾಗಿ ಬಾಡಿಗೆಗೆ ಓಡಿಸಿದವನ ಸ್ವಂತ ನಷ್ಟವನ್ನು ತುಂಬಬೇಡಿ. ಅಲ್ಲಿ ಷರತ್ತಿಗೆ ಸಹಿ ಹಾಕಿದವನೂ ಅವನೇ, ಮುರಿದವನೂ ಅವನೇ, ಅನುಭವಿಸುವವನೂ ಅವನೇ. ಲೋಪದಿಂದ ಅರ್ಥ ಕೆಡುವುದಿಲ್ಲ. ಆದರೆ ಪಾಲಿಸಿಯನ್ನು ಕಂಡೇ ಇಲ್ಲದವನು, ಷರತ್ತನ್ನು ಓದೇ ಇಲ್ಲದವನು, ಸಹಿ ಹಾಕದವನು, ಆ ಷರತ್ತಿನಿಂದಲೇ ನೆಲಕ್ಕೆ ಬೀಳುವುದಾದರೆ ಅರ್ಥ ಕೆಟ್ಟಿತು. ಹೊರಗಿಡುವ ಪ್ರತಿಯೊಂದು ಷರತ್ತಿಗೂ ಈ ಒಂದೇ ಪರೀಕ್ಷೆಯನ್ನು ಒಡ್ಡಬೇಕೆಂಬುದು ನನ್ನ ವಾದ.

ಭಾಷೆಯ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಕಂತು ಕಟ್ಟಲು ಕರೆಯುವ ಜಾಹೀರಾತು ಕನ್ನಡದಲ್ಲಿದೆ. ಕಂತು ಬಾಕಿಯಿದೆ ಎಂಬ ಸಂದೇಶವೂ ಕನ್ನಡದಲ್ಲಿ ಬರುತ್ತದೆ. ಕೊಡುವುದಿಲ್ಲ ಎಂಬ ಪಟ್ಟಿ ಮಾತ್ರ ಇಂಗ್ಲಿಷಿನಲ್ಲಿ, ಅದೂ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ. ಪಾಲಿಸಿದಾರನಿಗೆ ತಿಳಿಸದ ಹೊರಗಿಡುವ ಷರತ್ತನ್ನು ಕಂಪೆನಿ ಆಮೇಲೆ ಹಿಡಿದುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ, 2019ರಲ್ಲಿ, 2022ರಲ್ಲಿ ಹೇಳಿದೆ. ಪಾಲಿಸಿಯ ಮಾತು ಎರಡರ್ಥ ಕೊಡುವಂತಿದ್ದರೆ ಬರೆದವನ ವಿರುದ್ಧವಾಗಿಯೇ ಅರ್ಥೈಸಬೇಕೆಂಬುದೂ ನ್ಯಾಯಶಾಸ್ತ್ರದ ಹಳೆಯ ನಿಯಮ. ಆರೋಗ್ಯ ವಿಮೆಗೆ 2024ರ ಜನವರಿ 1ರಿಂದ ಒಂದು ಮಾಹಿತಿ ಪತ್ರ ಕಡ್ಡಾಯವಾಗಿದೆ. ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಅದರಲ್ಲಿ ಸರಳವಾಗಿ ಹೇಳಬೇಕು, ಪಾಲಿಸಿದಾರ ಬಯಸಿದರೆ ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕು. ಮಕ್ಕಳೇ, ಕೇಳಿ ಪಡೆಯಿರಿ. ಕನ್ನಡದಲ್ಲಿ ಕೇಳುವವರಿಲ್ಲದಿದ್ದರೆ ಕನ್ನಡದಲ್ಲಿ ಕೊಡುವವರೂ ಇರುವುದಿಲ್ಲ.

ಇನ್ನು ನಿಮ್ಮ ಮನೆಯ ಮಟ್ಟದಲ್ಲಿ ನೀವು ಮಾಡಬಹುದಾದದ್ದನ್ನು ಹಿರಿಯನೆಂಬ ಸಲುಗೆಯಿಂದ ಹೇಳುತ್ತೇನೆ. ಇಂದೇ ಬೈಕಿನ ಪಾಲಿಸಿ ತೆರೆದು, ಅದು ಥರ್ಡ್ ಪಾರ್ಟಿ ಮಾತ್ರವೋ ಪ್ಯಾಕೇಜೋ ನೋಡಿ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಮಾಡಿಸಬೇಕಾಗಿದೆ. ಅದರ ಜೊತೆಗಿರುವ ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಐದು ವರ್ಷಕ್ಕೆ ಮಾಡಿಸಿದ್ದೇನೆಂದು ನಿಶ್ಚಿಂತೆಯಿಂದ ಇರುವವರು, ಉಳಿದ ವರ್ಷಗಳಲ್ಲಿ ಹಿಂಬದಿ ಸವಾರರ ಹೊಣೆಯಿದೆಯೇ ಎಂದು ಕಂಪೆನಿಯನ್ನು ಬರವಣಿಗೆಯಲ್ಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಅಪಘಾತವಾದರೆ ಪೊಲೀಸ್ ದೂರು ದಾಖಲಿಸುವುದನ್ನು ದಾಕ್ಷಿಣ್ಯಕ್ಕೆ ಬಿಡಬೇಡಿ. ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವನ್ನೂ 2022ರಲ್ಲಿ ಜಾರಿಗೆ ತಂದಿದ್ದಾರೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೂ ಗಡುವಿನೊಳಗೆ ಹಾಕುವುದೇ ಕ್ಷೇಮ. ನಿಮ್ಮ ಸ್ವಂತ ಪಾಲಿಸಿಯ ಹಣವನ್ನು ಕಂಪೆನಿ ನಿರಾಕರಿಸಿದರೆ, ಕಾರಣವನ್ನು ಬರೆದು ಕೊಡಲು ಹೇಳಿ. ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿಯಿದೆ, ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಂಗಳೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಒಂದು 'ಇಲ್ಲ' ಕೇಳಿದೊಡನೆ ಮನೆಗೆ ಮರಳಬೇಡಿ.

ಆದರೆ ನಾವು ಜಾಗರೂಕರಾಗಿದ್ದರೆ ಸಾಕೆಂದು ಹೇಳಿ ಲೇಖನ ಮುಗಿಸಿದರೆ ಅದು ಅರ್ಧಸತ್ಯ. ಪಾಲಿಸಿ ಓದಬಲ್ಲ ನೀವು ಪಾರಾಗುತ್ತೀರಿ, ಓದಲಾರದವರು ಬೀಳುತ್ತಾರೆ. ಆದ್ದರಿಂದ ಬೇಡಿಕೆ ಕಾನೂನಿನ ಮಟ್ಟದಲ್ಲೇ ಇರಬೇಕು. ಕಡ್ಡಾಯ ವಿಮೆಯೆಂದರೆ ಹಿಂಬದಿ ಸವಾರರೂ ವಾಹನದೊಳಗೆ ಕುಳಿತವರೂ ಸೇರಿದ ವಿಮೆಯೆಂದು ಕಾಯ್ದೆಯಲ್ಲೇ ಬರೆಯಲಿ, ಅದಕ್ಕೆ ತಕ್ಕ ಕಂತನ್ನೂ ಪಡೆಯಲಿ. 'ಕೊಟ್ಟು ವಸೂಲು ಮಾಡು' ಎಂಬುದು ನ್ಯಾಯಮೂರ್ತಿಗಳ ಕರುಣೆಗೆ ಬಿಟ್ಟ ಮಾತಾಗದೆ ಕಾಯ್ದೆಯ ಸ್ಪಷ್ಟ ನಿಯಮವಾಗಲಿ. ಹೊರಗಿಡುವ ಷರತ್ತುಗಳೆಲ್ಲ ಪಾಲಿಸಿಯ ಮೊದಲ ಪುಟದಲ್ಲಿ, ಕೊಳ್ಳುವವನ ಭಾಷೆಯಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರಲಿ.

ಇದು ಆಗದ ಮಾತೇನಲ್ಲ. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ, ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ 5ರಂ‍ದು ಅಧಿಸೂಚನೆಯ ಮೂಲಕ ತಂದಿದೆ. ಮೊದಲ ಏಳು ದಿನ 'ನೀನು ಎಷ್ಟನೆಯ ಪಾರ್ಟಿ' ಎಂದು ಕೇಳದೆ ಚಿಕಿತ್ಸೆ ಕೊಡಬಹುದೆಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಎಂಟನೆಯ ದಿನ ಬೆಳಗಾಗುವಾಗ ಆ ಪ್ರಶ್ನೆ ಹುಟ್ಟಿಕೊಳ್ಳಬೇಕೆಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ.

ನಿಮ್ಮಲ್ಲಿ ವಕೀಲರಾದವರಿದ್ದೀರಿ, ವಿಮಾ ಕಂಪೆನಿಯಲ್ಲಿಯೇ ದೊಡ್ಡ ಹುದ್ದೆಯಲ್ಲಿರುವವರೂ ಇದ್ದೀರಿ. ನನ್ನ ವಾದದಲ್ಲಿ ತೂತು ಕಂಡರೆ ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನಿಸಿದವರನ್ನು ನಾನು ಎಂದೂ ಕೂರಿಸಿದವನಲ್ಲ. ಆದರೆ ಬರೆಯುವ ಮೊದಲು ನಿಮ್ಮ ಮೇಜಿನ ಮೇಲಿರುವ ಷರತ್ತಿನ ಪುಟವನ್ನು ಒಮ್ಮೆ ಓದಿ, ಪ್ರತಿ ಸಾಲಿನ ಎದುರೂ ಒಂದೇ ಪ್ರಶ್ನೆ ಹಾಕಿ: ಇದನ್ನು ಲೋಪ ಮಾಡಿದಾಗ ಯಾರು ಬೀಳುತ್ತಾರೆ, ಮತ್ತು ಅವರು ಬಿದ್ದ ಮೇಲೆ ವಿಮೆ ಎಂಬ ಪದಕ್ಕೆ ಏನು ಅರ್ಥ ಉಳಿಯುತ್ತದೆ?